ಹನ್ನೊಂದನೆಯ ನಂಬರಿನ ಚೀಲಗಳು

ಮಲ್ಕಾಜ್‌ಗಿರಿ, ಹೈದರಾಬಾದ್
18 ಜೂನ್ 2023

ತಮ್ಮ ತಾಯಪ್ಪನಿಗೆ,

ನೀನು ಕ್ಷೇಮವೆಂದು ಫೋನಿನಲ್ಲಿ ಕೇಳಿಯಾಗಿದೆ, ನಾನು ಕ್ಷೇಮವೆಂದು ಹೇಳಿಯೂ ಆಗಿದೆ. ಆದ್ದರಿಂದ ನೇರ ವಿಷಯಕ್ಕೆ ಬರುತ್ತೇನೆ. ಫೋನಿನಲ್ಲಿ ನೀನು "ಹೂಂ, ಊಟ ಆತು, ಆರಾಮ ಅದೀನಿ" ಅನ್ನುತ್ತೀ, ನಾನೂ ಹೂಂ ಅನ್ನುತ್ತೇನೆ, ಅಷ್ಟರಲ್ಲಿ ನಿನ್ನ ರೂಮಿನ ಚಂದ್ರಹಾಸ ಪಕ್ಕದಲ್ಲಿ ಕೆಮ್ಮುತ್ತಾನೆ. ಕೇಳಿದ್ದನ್ನೆಲ್ಲ ಮ್ಯಾನೇಜರನಿಗೆ ಮುಟ್ಟಿಸುವ ಆ ಮೆಕ್ಯಾನಿಕ್ ಕೆಮ್ಮಿದರೆ ಸಾಕು, ನಿನ್ನ ಬಾಯಿ ಬಂದ್. ಅದಕ್ಕಿಂತ ಪತ್ರ ವಾಸಿ. ಅಪ್ಪ ಮುಂಬೈಗೆ ದುಡಿಯಲು ಹೋದಾಗ ಅವ್ವ ಹೇಳಿದ್ದನ್ನೆಲ್ಲ ಬರೆದು ಕಳಿಸುತ್ತಿದ್ದವಳು ನಾನೇ. ಏಳನೆಯ ತರಗತಿಯ ಕನ್ನಡ ಇನ್ನೂ ಕೈಬಿಟ್ಟಿಲ್ಲ.

ವಾರಕ್ಕೊಮ್ಮೆ ನಮ್ಮ ಫ್ಯಾಕ್ಟರಿಯಿಂದ ಇದೇ ಕಂಪನಿಯ ನಿಮ್ಮ ಕಾಂಬೋಡಿಯಾ ಫ್ಯಾಕ್ಟರಿಗೆ ದಾರ, ಜಿಪ್ಪು ತುಂಬಿದ ಪೆಟ್ಟಿಗೆ ವಿಮಾನದಲ್ಲಿ ಹೋಗುತ್ತದಲ್ಲ, ಅದರಲ್ಲಿ ಒಂದು ಲಕೋಟೆ ಹಾಕಲು ಆಫೀಸಿನ ಶಿವಪ್ರಕಾಶ ಸರ್ ಒಪ್ಪಿದ್ದಾರೆ. ಕಲಬುರಗಿ ಕಡೆಯವರು, ನಮ್ಮ ಭಾಷೆ ತಿಳಿಯುತ್ತದೆ. "ಗುಂಡಮ್ಮಾ, ಲಕೋಟಿ ಅಂಟಸಬ್ಯಾಡ. ನಾ ಒಮ್ಮೆ ನೋಡಿ ಹಾಕ್ತೀನಿ, ರೂಲ್ಸ್ ಐತಿ" ಎಂದರು. ಹಾಗಾಗಿ ಇದನ್ನು ಅವರೂ ಓದುತ್ತಾರೆ. ನಮಸ್ಕಾರ ಸರ್.

ನೀನು ಹೋದದ್ದು ನಮ್ಮ ಮೂರನೆಯ ಹೊಲಿಗೆ ಸಾಲಿನ ಹೆಂಗಸರಿಗೆ ಹಿಡಿಸಿಲ್ಲ. ಬಸಲಿಂಗಮ್ಮ ನನ್ನ ಎದುರಿಗೇ ಅಂದಳು: "ನಿನ್ನ ತಮ್ಮ ಅಲ್ಲಿ ಹುಡುಗ್ಯಾರಿಗೆ ಕಲಸ್ತಾನ, ಇಲ್ಲಿ ನಮ್ಮ ಹೊಟ್ಟಿ ಮ್ಯಾಲೆ ಹೊಡೀತಾನ." ನಾನು ಮ್ಯಾನೇಜರನ್ನೇ ಕೇಳಿದೆ. ಚರ್ಮದ ಸಣ್ಣ ಪರ್ಸುಗಳು ಅಲ್ಲಿ, ದೊಡ್ಡ ಕೈಚೀಲಗಳು ಇಲ್ಲಿ, ಅಲ್ಲಿಯ ಕೆಲಸ ಬೆಳೆದರೆ ಇಲ್ಲಿಯದೂ ಬೆಳೆಯುತ್ತದೆ ಎಂದ. ಅದನ್ನೇ ಎಲ್ಲರಿಗೂ ಹೇಳಿದ್ದೇನೆ. ನಮ್ಮ ಮನೆಗೆ ಬರುವ ಎರಡು ಸಂಬಳವೂ ಇದೇ ಸಾಲಿನದು, ಒಂದು ನನ್ನದು, ಒಂದು ಸುವರ್ಣಾಳದು. ಮಗಳಿಗೇನೋ ಬೇರೆ ಕಡೆ ಕೆಲಸ ಸಿಕ್ಕೀತು, ಈ ವಯಸ್ಸಿನಲ್ಲಿ ನನ್ನನ್ನು ಯಾವ ಫ್ಯಾಕ್ಟರಿಯೂ ಹೊಸದಾಗಿ ಸೇರಿಸಿಕೊಳ್ಳುವುದಿಲ್ಲ. ಈ ಸಾಲು ಉಳಿದರೆ ನಾವು ಉಳಿದೆವು.

ಹಾಗಾಗಿ ನೆಟ್ಟಗೆ ಕೆಲಸ ಮಾಡು. ನಿನಗಿಂತ ಮೊದಲು ಹೋಗಿದ್ದ ಆಂಬೂರಿನ ಮಾಸ್ತರನನ್ನು ನೆನಪಿಟ್ಟುಕೋ. ಅವನು ಪಾಸು ಮಾಡಿದ ಚೀಲಗಳಲ್ಲಿ ತಪ್ಪು ಸಿಕ್ಕಿತೆಂದು ಮನೆಗೆ ಕಳಿಸಿದರು. ಈಗ ಅವನನ್ನು ಯಾರೂ ಗೇಟಿನೊಳಗೆ ಬಿಡುವುದಿಲ್ಲವಂತೆ.

ನಿನ್ನ ಅಕ್ಕ
ಗುಂಡಮ್ಮ


ನಾಮ್ ಪೆನ್ ಹತ್ತಿರ, ಕಾಂಬೋಡಿಯಾ
9 ಜುಲೈ 2023

ಅಕ್ಕನಿಗೆ ತಾಯಪ್ಪನ ನಮಸ್ಕಾರ. ಶಿವಪ್ರಕಾಶ ಸರ್‌ಗೂ ನಮಸ್ಕಾರ.

ಇಲ್ಲಿ ಮೂರು ಹೊತ್ತೂ ಅನ್ನ. ಜೋಳದ ರೊಟ್ಟಿ ಎಂದರೆ ಏನೆಂದು ಕೈಯಲ್ಲಿ ಬಡಿದು ತೋರಿಸಿದೆ, ಹುಡುಗಿಯರು ನಾನು ಚಪ್ಪಾಳೆ ತಟ್ಟುತ್ತಿದ್ದೇನೆಂದು ತಿಳಿದು ತಾವೂ ತಟ್ಟಿದರು.

ಹೊಲಿಯುವವರೆಲ್ಲ ಸುವರ್ಣಾಳ ವಯಸ್ಸಿನವರು. ಬಹಳ ಚುರುಕು. ಆದರೆ ಕಲಿಯಲು ಸಮಯ ಕೊಡುವುದಿಲ್ಲ. ನಮ್ಮಲ್ಲಿ ಅಂಟಿನ ಸಲ್ಯೂಷನ್ ಹಚ್ಚಿದ ಮೇಲೆ ಅದು ಆರುವ ತನಕ ಚರ್ಮವನ್ನು ಮುಟ್ಟುತ್ತಿರಲಿಲ್ಲ, ಇಲ್ಲಿ ಬಿಸಿ ಗಾಳಿ ಊದಿ ಕೂಡಲೇ ಮುಂದೆ ತಳ್ಳುತ್ತಾರೆ. ಅಂಚಿಗೆ ಮೂರು ಸಲ ಬಳಿಯುತ್ತಿದ್ದ ಬಣ್ಣ ಒಂದೇ ಸಲಕ್ಕೆ ಬಂದಿದೆ. ನನ್ನ ಕೆಲಸ ಕೊನೆಯ ಮೇಜಿನಲ್ಲಿ. ಚೀಲ ಸರಿಯಿದ್ದರೆ ಒಳಗಿನ ಜೇಬಿನಲ್ಲಿ ಹನ್ನೊಂದು ಎಂದು ನಂಬರು ಇರುವ ಚೀಟಿ ಹಾಕಿ ಬಿಡಬೇಕು. ಸರಿಯಿಲ್ಲದಿದ್ದರೆ ಹೊಲಿದವಳ ಆ ದಿನದ ಕೂಲಿಯಲ್ಲಿ ಹಿಡಿಯುತ್ತಾರೆ. ಒಬ್ಬಳ ಹೆಸರು ಚನ್ನಿ. ಕೇಳಿದ ಕೂಡಲೇ ನಮ್ಮೂರು ಚಿತ್ತಾಪುರದಲ್ಲಿ ಇದ್ದಂತಾಯಿತು. ಅವಳ ಚೀಲವನ್ನು ಮೊನ್ನೆ ತಿರುಗಿಸಿ ಕಳಿಸಿದೆ, ಅವಳು ಅತ್ತಳು. ಆ ದಿನ ನನಗೆ ಊಟ ಸೇರಲಿಲ್ಲ.

ಡಿಸೆಂಬರ್ ತನಕ ಇಲ್ಲಿಯ ಚೀಲಗಳೆಲ್ಲ ಮೊದಲು ಹೈದರಾಬಾದಿಗೇ ಬರುತ್ತವೆ. ಅಲ್ಲಿ ನೀವು ಬಿಚ್ಚಿ ನೋಡಿ, ತಪ್ಪಿದ್ದರೆ ಕೆಂಪು ಚೀಟಿ ಅಂಟಿಸುತ್ತೀರಿ, ಆಮೇಲೆ ಚೀಲ ಕೊಳ್ಳುವ ವಿದೇಶದ ಬೈಯರ್ ಕಡೆಯ ಸಾಹೇಬ ಬಂದು ನೋಡುತ್ತಾನೆ. ಆ ಸಣ್ಣ ಪರ್ಸುಗಳ ಮಾತು ಇಲ್ಲಿ ಯಾರೂ ಎತ್ತುತ್ತಿಲ್ಲ. ಹೊಲಿಯುತ್ತಿರುವುದು ನಿಮ್ಮ ದೊಡ್ಡ ಚೀಲವನ್ನೇ. ನಮೂನೆ ನೋಡಲಿಕ್ಕೆ ಇರಬಹುದು.

ಉಳಿದದ್ದು ಆರಾಮ. ಸುವರ್ಣಾಳಿಗೆ ಕೇಳಿದ್ದೇನೆಂದು ಹೇಳು.

ತಾಯಪ್ಪ


ಮಲ್ಕಾಜ್‌ಗಿರಿ
27 ಆಗಸ್ಟ್ 2023

ತಾಯಪ್ಪ,

ನಿನ್ನ ಮೊದಲ ಲಾಟು ಬಂತು. ಚೀಲ ಬಿಚ್ಚುವ ಮೇಜಿಗೆ ನನ್ನನ್ನೂ ಸುವರ್ಣಾಳನ್ನೂ ಹಾಕಿದ್ದಾರೆ. ಹಳಬಳು, ಕಣ್ಣು ಚೆನ್ನಾಗಿದೆ ಎಂದು ನನಗೆ ಮರ್ಯಾದೆ. ಶುಕ್ರವಾರ ಬಂದದ್ದನ್ನು ಸೋಮವಾರ ಸಾಹೇಬ ನೋಡಿದ. ಒಂದು ಚೀಲಕ್ಕೂ ಕೆಂಪು ಚೀಟಿ ಬೀಳಲಿಲ್ಲ. ಹನ್ನೊಂದನೆಯ ನಂಬರು ಯಾರದು ಎಂದು ಕೇಳಿದ. ಶಿವಪ್ರಕಾಶ ಸರ್ ನನ್ನನ್ನು ತೋರಿಸಿ, ಇವರ ತಮ್ಮನದು ಎಂದು ಇಂಗ್ಲಿಷಿನಲ್ಲಿ ಹೇಳಿದರು. ಸಾಹೇಬ ನನ್ನ ಮುಂದೆ ಕೈ ಚಾಚಿದ. ಚರ್ಮದ ಕೆಲಸದವರ ಕೈ ಎಂದು ಊರಲ್ಲಿ ನಮ್ಮಪ್ಪನಿಗೆ ನೀರು ಮೇಲಿಂದ ಹುಯ್ಯುತ್ತಿದ್ದರು. ಈ ಮನುಷ್ಯ ಹಿಡಿದು ಕುಲುಕಿದ. ನನಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು.

ಅಲ್ಲಲ್ಲಿ ಸ್ವಲ್ಪ ಅವಸರ ಕಾಣಿಸಿತು, ಅಷ್ಟೇ. ಸುವರ್ಣಾ ನಿನ್ನ ಬಗ್ಗೆ ಒಂದು ಮಾತು ಅಂದಳು, ಅದನ್ನು ಬರೆಯುವುದಿಲ್ಲ. ಆ ಚನ್ನಿ ಎಂಬುವಳು ಅತ್ತ ಮೇಲೆ ನಿನ್ನ ಕಣ್ಣು ಸ್ವಲ್ಪ ಮಂಜಾದಂತಿದೆ. ಮದುವೆಯಾಗುವ ಮನಸ್ಸಿದ್ದರೆ ಹೇಳು, ಬೀಗರ ಜೊತೆ ಮಾತಾಡಲು ಭಾಷೆ ಕಲಿಯುತ್ತೇನೆ. ಇಲ್ಲದಿದ್ದರೆ ಕಣ್ಣು ಬಿಟ್ಟು ನೋಡು. ಅಳುವವಳಿಗೆ ಸಮಾಧಾನ ಹೇಳು, ಆದರೆ ಹಿಡಿಕೆಯ ಬುಡದ ಹೊಲಿಗೆಯನ್ನು ಮಾತ್ರ ಎಳೆದು ನೋಡದೆ ಬಿಡಬೇಡ.

ಶುಕ್ರವಾರ ಸಂಜೆ ಬೇಗಂ ಬಜಾರಿಗೆ ಹೋಗಿದ್ದೆ. ಮೇಣದ ದಾರ ಬೇಕಿತ್ತು. ದಾರಿಯಲ್ಲಿ ಸುವರ್ಣಾ ಮಿರ್ಚಿ ಬಜ್ಜಿ ಕೊಡಿಸೆಂದಳು, ಕೊಡಿಸಿದೆ.

ಅಕ್ಕ


ನಾಮ್ ಪೆನ್ ಹತ್ತಿರ
15 ಅಕ್ಟೋಬರ್ 2023

ಅಕ್ಕ,

ಇಲ್ಲಿ ಈಗ ಹಿರಿಯರ ಹಬ್ಬ. ನಮ್ಮ ಪಿತೃಪಕ್ಷದ ಹಾಗೆಯೇ, ಗುಡಿಯ ಸುತ್ತ ಅನ್ನದ ಉಂಡೆ ಇಡುತ್ತಾರೆ. ಹುಡುಗಿಯರೆಲ್ಲ ಊರಿಗೆ ಹೋಗಿದ್ದಾರೆ. ನಾನೂ ಅಪ್ಪನ ಹೆಸರಿನಲ್ಲಿ ಒಂದು ಉಂಡೆ ಇಟ್ಟು ಬಂದೆ. ಅಪ್ಪ ಇಷ್ಟು ದೂರ ಬಂದಾನೋ ಇಲ್ಲವೋ.

ಮೂರು ಲಾಟು ಕಳಿಸಿದೆವು, ಮೂರೂ ಪಾಸು ಎಂದು ಮ್ಯಾನೇಜರ್ ಎಲ್ಲರಿಗೂ ಸಿಹಿ ಹಂಚಿದ. ನನಗೆ ಆಶ್ಚರ್ಯವಾಯಿತು. ಒಂದಕ್ಕೂ ಕೆಂಪು ಚೀಟಿ ಇಲ್ಲವೇ? ಆ ಸಾಹೇಬನ ಕನ್ನಡಕ ಬದಲಿಸಬೇಕು. ಅಕ್ಕ, ನಿನಗೆ ಕೈ ಮುಗಿದು ಕೇಳುತ್ತೇನೆ, ಸಾಹೇಬ ಬರುವ ಮೊದಲು ನೀನೇ ಸರಿಯಾಗಿ ನೋಡು. ಅಂಚು ಎದ್ದಿದ್ದರೆ, ಹೊಲಿಗೆ ಸಡಿಲವಿದ್ದರೆ ಚೀಟಿ ಅಂಟಿಸು. ತಮ್ಮನ ನಂಬರು ಎಂದು ಹಿಂದೆ ಮುಂದೆ ನೋಡಬೇಡ. ತಪ್ಪು ಎಂದರೆ ತಪ್ಪು. ಇದನ್ನು ನಾನು ನಿಜವಾಗಿ ಹೇಳುತ್ತಿದ್ದೇನೆ.

ಚನ್ನಿಯ ವಿಷಯದಲ್ಲಿ ನೀನು ಅಂದುಕೊಂಡದ್ದು ಏನೂ ಇಲ್ಲ. ಅವಳಿಗೆ ಒಂದು ಮಗು ಇದೆ.

ತಾಯಪ್ಪ


ಮಲ್ಕಾಜ್‌ಗಿರಿ
19 ನವೆಂಬರ್ 2023

ತಾಯಪ್ಪ,

ದೀಪಾವಳಿ ಆಯಿತು. ನೀನಿಲ್ಲದೆ ಆಯಿತು ಎಂಬುದನ್ನು ಬಿಟ್ಟರೆ ಬೇರೆ ಕೊರತೆ ಇರಲಿಲ್ಲ.

ಕೆಂಪು ಚೀಟಿಯ ಬಗ್ಗೆ ಬರೆದದ್ದು ಓದಿದೆ. ಅದನ್ನು ಯಾರು ಓದಲೆಂದು ಬರೆದೆ ಎಂಬುದೂ ತಿಳಿಯಿತು. ಶಿವಪ್ರಕಾಶ ಸರ್ ಓದಿ, "ನಿನ್ನ ತಮ್ಮ ಭಾಳ ಖರೇ ಮನುಷ್ಯ ಅದಾನ" ಎಂದು ಹೊಗಳಿದರು. ನೀನು ಇಷ್ಟು ಜಾಣನಾದದ್ದು ಯಾವಾಗ? ಚಿಂತೆ ಮಾಡಬೇಡ. ನಾನು ಇಲ್ಲಿರುವ ತನಕ ಹನ್ನೊಂದನೆಯ ನಂಬರಿಗೆ ಏನೂ ಆಗುವುದಿಲ್ಲ. ಇದರ ಮೇಲೆ ಕೇಳಬೇಡ.

ನಮ್ಮ ಸಾಲಿಗೆ ಕೆಲಸ ಕಡಿಮೆಯಾಗಿದೆ. ಓವರ್‌ಟೈಮ್ ನಿಲ್ಲಿಸಿದ್ದಾರೆ. ಹೊಸ ವರ್ಷಕ್ಕೆ ದೊಡ್ಡ ಆರ್ಡರ್ ಬರುತ್ತದೆಂದು ಮ್ಯಾನೇಜರ್ ಹೇಳುತ್ತಾನೆ. ಬಸಲಿಂಗಮ್ಮ ಮಧ್ಯಾಹ್ನ ಬುತ್ತಿ ಬಿಚ್ಚಿ ನನ್ನನ್ನು ಕರೆಯುತ್ತಾಳೆ, ನನಗೆ ಹೋಗಲು ಪುರಸೊತ್ತಿಲ್ಲ. ಬಲಗೈ ಹೆಬ್ಬೆರಳು ಊದಿದೆ. ಅದಕ್ಕೆ ಅರಿಶಿನ ಹಚ್ಚಿಕೊಂಡೇ ಇದನ್ನು ಬರೆದೆ, ಕಾಗದದ ಮೇಲೆ ಹಳದಿ ಇದ್ದರೆ ಅದೇ.

ಮಗು ಇದ್ದವಳನ್ನು ಇನ್ನು ಮುಂದೆ ಅಳಿಸಬೇಡ.

ಅಕ್ಕ


ನಾಮ್ ಪೆನ್, ಅಂಚೆ ಕಚೇರಿ
3 ಡಿಸೆಂಬರ್ 2023

ಅಕ್ಕ,

ಇದನ್ನು ಕಂಪನಿಯ ಪೆಟ್ಟಿಗೆಯಲ್ಲಿ ಹಾಕುತ್ತಿಲ್ಲ. ಬಸ್ಸು ಹಿಡಿದು ಪಟ್ಟಣಕ್ಕೆ ಬಂದು ಸಾಮಾನ್ಯ ಟಪಾಲಿಗೆ ಹಾಕುತ್ತಿದ್ದೇನೆ. ಬೇಗ ತಲುಪುತ್ತದೆ ಎಂದು ಕಿಟಕಿಯಲ್ಲಿ ಕೂತವಳು ಹೇಳಿದಳು. ಫೋಟೋ ತೆಗೆದು ಸುವರ್ಣಾಳ ಫೋನಿಗೆ ಕಳಿಸಬಹುದಿತ್ತು. ಅವಳಿಗೆ ತಿಳಿದರೆ ಸಂಜೆಯೊಳಗೆ ಸಾಲಿಗೆಲ್ಲ ತಿಳಿಯುತ್ತದೆ, ಅಲ್ಲಿಂದ ಆಫೀಸಿಗೆ. ಫೋನಿನಲ್ಲಿ ಹೇಳೋಣವೆಂದರೆ ಚಂದ್ರಹಾಸ ನನ್ನ ಹಾಸಿಗೆ ಬಿಟ್ಟು ಅಲ್ಲಾಡುವುದಿಲ್ಲ, ಇಲ್ಲಿ ಪಟ್ಟಣದಿಂದ ಮಾಡಿದರೂ ನಿನ್ನ ಪಕ್ಕದಲ್ಲಿ ಸುವರ್ಣಾ ಕಿವಿಗೊಟ್ಟು ಕೂತಿರುತ್ತಾಳೆ.

ನೀನು ಕೂತು ಓದು. ಎರಡೂ ಕಡೆ ಕೆಲಸ ನಡೆಯುತ್ತದೆ ಎಂದದ್ದು ಸುಳ್ಳು. ಒಂದೇ ಫ್ಯಾಕ್ಟರಿ ಉಳಿಯುತ್ತದೆ. ಜುಲೈ ತಿಂಗಳಲ್ಲಿ ಇಲ್ಲಿಯ ಮ್ಯಾನೇಜರ್ ಕಂಪನಿಯ ದೊಡ್ಡವರ ಜೊತೆ ಮಾತಾಡುವಾಗ ನಾನು ಅದೇ ಕೋಣೆಯಲ್ಲಿ ಚರ್ಮ ಎಣಿಸುತ್ತಿದ್ದೆ. ನನಗೆ ಇಂಗ್ಲಿಷ್ ಬರುವುದಿಲ್ಲವೆಂದು ಅವನ ನಂಬಿಕೆ. ಡಿಸೆಂಬರ್ ತನಕ ಕಾಂಬೋಡಿಯಾದ ಚೀಲಗಳಿಗೆ ಹೈದರಾಬಾದಿನಲ್ಲಿ ಎಷ್ಟು ಕೆಂಪು ಚೀಟಿ ಬೀಳುತ್ತವೆ ಎಂದು ನೋಡುತ್ತಾರೆ. ಹೆಚ್ಚು ಬಿದ್ದರೆ ಕೆಲಸ ನಿಮ್ಮಲ್ಲೇ ಉಳಿಯುತ್ತದೆ. ಬೀಳದಿದ್ದರೆ ನಿಮ್ಮ ಸಾಲು ಮುಚ್ಚುತ್ತದೆ.

ಅವತ್ತಿನಿಂದ ನಾನು ಕೆಟ್ಟ ಚೀಲಗಳನ್ನು ಬೇಕೆಂತಲೇ ಪಾಸು ಮಾಡುತ್ತಿದ್ದೇನೆ. ಕಣ್ಣಿಗೆ ಹೊಡೆಯುವ ಹಾಗೆ ಓರೆಯಾದ ಹೊಲಿಗೆ, ಬೆರಳಿನಿಂದ ಎಬ್ಬಿಸಿದರೆ ಏಳುವ ಅಂಚು, ಎಲ್ಲಕ್ಕೂ ಹನ್ನೊಂದು ಎಂದು ಚೀಟಿ ಹಾಕಿ ಕಳಿಸಿದೆ. ಈ ಹುಡುಗಿಯರ ಕೂಲಿಯೂ ಉಳಿಯುತ್ತದೆ, ನಿಮ್ಮ ಸಾಲೂ ಉಳಿಯುತ್ತದೆ ಎಂದುಕೊಂಡೆ. ನನ್ನನ್ನು ಆಂಬೂರಿನ ಮಾಸ್ತರನ ಹಾಗೆ ಓಡಿಸಿದರೆ ಓಡಿಸಲಿ. ನನಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ, ಎಲ್ಲಿಯಾದರೂ ಬದುಕುತ್ತೇನೆ.

ನಿನಗೆ ಮೊದಲೇ ಹೇಳಲಿಲ್ಲ, ಏಕೆಂದರೆ ನೀನು ಒಪ್ಪುತ್ತಿರಲಿಲ್ಲ. ಗೊತ್ತಿದ್ದೂ ಕೆಟ್ಟ ಹೊಲಿಗೆಯನ್ನು ಬಿಡು ಎಂಬ ಮಾತು ನಿನ್ನ ಬಾಯಿಂದ ಬರುವುದಿಲ್ಲ. ಚೀಟಿ ಅಂಟಿಸೆಂದು ಅಕ್ಟೋಬರಿನಲ್ಲಿ ಬರೆದದ್ದು ಜಾಣತನಕ್ಕಲ್ಲ. ನಿಜವಾಗಿಯೇ ಬರೆದದ್ದು. ಆ ಚೀಲಗಳು ಹೇಗೆ ಪಾಸಾಗುತ್ತಿವೆಯೋ ನನಗೆ ತಿಳಿಯುತ್ತಿಲ್ಲ, ಹೆದರಿಕೆಯಾಗುತ್ತಿದೆ.

ಡಿಸೆಂಬರಿನ ಕೊನೆಯ ಲಾಟು ಇನ್ನೂ ಬರುವುದಿದೆ. ಬಹಳ ದೊಡ್ಡ ಲಾಟು, ಬಹಳ ಕೆಟ್ಟದ್ದು. ಅದಕ್ಕಾದರೂ ಚೀಟಿ ಅಂಟಿಸು. ಓದಿದ ಮೇಲೆ ಫೋನ್ ಮಾಡಿ "ರೊಟ್ಟಿ ಮಾಡೀನಿ" ಎಂದು ಒಂದೇ ಮಾತು ಹೇಳು. ನಾನು ತಿಳಿದುಕೊಳ್ಳುತ್ತೇನೆ.

ತಾಯಪ್ಪ


ಮಲ್ಕಾಜ್‌ಗಿರಿ
30 ಡಿಸೆಂಬರ್ 2023

ತಾಯಪ್ಪ,

ನಮ್ಮ ಸಾಲು ಮುಚ್ಚಿತು. ಗುರುವಾರ ನೋಟಿಸ್ ಅಂಟಿಸಿದರು. ಮೂರನೆಯದು ಮಾತ್ರವಲ್ಲ, ಎಲ್ಲ ಸಾಲುಗಳೂ. ಮ್ಯಾನೇಜರ್ ಮೈಕಿನಲ್ಲಿ ತೆಲುಗಿನಲ್ಲೂ ಹಿಂದಿಯಲ್ಲೂ ಮಾತಾಡಿದ, ಕಾಂಬೋಡಿಯಾದ ಕೆಲಸ ಹೈದರಾಬಾದಿನಷ್ಟೇ ಚೆನ್ನಾಗಿದೆ ಎಂದು ಸಾಬೀತಾಗಿದೆಯಂತೆ. ಬಸಲಿಂಗಮ್ಮ ತಿರುಗಿ ನನ್ನ ಮುಖ ನೋಡಿದಳು.

ನನ್ನ ಯಂತ್ರವನ್ನು ಒರೆಸಿ ಎಣ್ಣೆ ಹಾಕಿ ಕೊಡು ಎಂದರು. ಕೊಟ್ಟೆ. ಅದೂ ನಿಮ್ಮಲ್ಲಿಗೆ ಬರುತ್ತದಂತೆ.

ಈ ಪತ್ರ ಶಿವಪ್ರಕಾಶ ಸರ್ ಕಣ್ಣಿಗೆ ಬೀಳುವುದಿಲ್ಲ. ಕೊನೆಯ ಪೆಟ್ಟಿಗೆಯಲ್ಲಿ ಜಿಪ್ಪಿನ ಸುರುಳಿಯ ನಡುವೆ ಇಟ್ಟಿದ್ದೇನೆ. ಈಗ ಹೇಳಬಹುದು, ಇನ್ನು ಅಡ್ಡಿಯಿಲ್ಲ. ನೀನು ಕಳಿಸಿದ ಚೀಲಗಳು ಕೆಟ್ಟಿದ್ದವು ತಮ್ಮಾ. ಮೊದಲ ಲಾಟು ಬಿಚ್ಚಿದಾಗ ಸುವರ್ಣಾ ಅಂದದ್ದು ಇದು: "ಅವ್ವಾ, ಮಾಮಾ ಕಣ್ಣ ಮುಚ್ಚಿ ಪಾಸ್ ಮಾಡ್ಯಾನೇನ?" ನಾನು ಆ ಚೀಲವನ್ನು ಮೇಜಿನ ಕೆಳಗೆ ಸರಿಸಿದೆ. ನೀನು ಬೇಕೆಂತ ಮಾಡಲಿಲ್ಲ, ಮಾಡಿಸಿರುತ್ತಾರೆ, ಅಥವಾ ಅಳುವ ಹುಡುಗಿಯ ಮುಂದೆ ಕರಗಿರುತ್ತೀ ಎಂದುಕೊಂಡೆ. ಚಪ್ಪಲಿ ಹೊಲಿಯುವಾಗ ನಾವು ತಪ್ಪು ಮಾಡಿದರೆ ಅಪ್ಪ ಬೈಯುತ್ತಿದ್ದನೇ? ಗಿರಾಕಿ ಬರುವ ಮೊದಲು ಸುಮ್ಮನೆ ಬಿಚ್ಚಿ ತಾನೇ ಹೊಲಿದಿಡುತ್ತಿದ್ದ. ಮನೆಯವರ ತಪ್ಪು ಮನೆ ದಾಟಬಾರದು. ನಾನೂ ಅದನ್ನೇ ಮಾಡಿದೆ.

ಶುಕ್ರವಾರ ಬಂದ ಚೀಲಗಳನ್ನು ಶನಿವಾರ, ಭಾನುವಾರ ಲಾಟು ನೋಡುವ ನೆಪದಲ್ಲಿ ಆ ಮೇಜಿನಲ್ಲೇ ಕೂತು ನಾನೂ ಸುವರ್ಣಾಳೂ ಬಿಚ್ಚಿ ಹೊಲಿದೆವು. ಹನ್ನೊಂದನೆಯ ನಂಬರು ಇದ್ದದ್ದೆಲ್ಲ ನಮ್ಮ ಕೈ ದಾಟಿಯೇ ಸಾಹೇಬನ ಮುಂದೆ ಹೋಯಿತು. ಕಂಪನಿಯ ದಾರ ಮುಟ್ಟಿದರೆ ಲೆಕ್ಕ ಕೇಳುತ್ತಾರೆಂದು ನಮ್ಮದೇ ದಾರ. ಊಟದ ಹೊತ್ತಿನಲ್ಲೂ ಹೊಲಿದೆ. ಈ ಸಲದ ದೊಡ್ಡ ಲಾಟು ನನ್ನ ಪ್ರಾಣ ತಿಂದಿತು, ಆದರೂ ಒಂದೂ ಬಿಡಲಿಲ್ಲ.

ಕೆಲಸ ಹೋಯಿತು, ಹೋಗಲಿ. ನಿನ್ನ ಹೆಸರಿಗೆ ಒಂದು ಕೆಂಪು ಚೀಟಿಯೂ ಬೀಳದ ಹಾಗೆ ಕಾಯ್ದೆ. ನೀನು ಅಲ್ಲಿ ಪರ್ಮನೆಂಟ್ ಆದೆಯಂತೆ, ಶಿವಪ್ರಕಾಶ ಸರ್ ಹೇಳಿದರು. ಅದೊಂದು ಸಮಾಧಾನ ನನಗೆ ಸಾಕು.

ಅಕ್ಕ


ನಾಮ್ ಪೆನ್ ಹತ್ತಿರ
12 ಜನವರಿ 2024

ಅಕ್ಕ,

ಪತ್ರ ಸಿಕ್ಕಿತು. ಇದನ್ನು ಸುವರ್ಣಾಳ ಫೋನಿಗೆ ಕಳಿಸುತ್ತಿದ್ದೇನೆ, ಅವಳು ಓದಿ ಹೇಳುತ್ತಾಳೆ.

ನೀನು ಮಾಡಿದ್ದನ್ನು ಬೇರೆ ಯಾರೂ ಮಾಡುತ್ತಿರಲಿಲ್ಲ. ಕೈಗೆ ಬಿಸಿನೀರು ಹಾಕಿಕೋ. ನಿನ್ನೆ ಎಳ್ಳ ಅಮಾವಾಸ್ಯೆ ಅಲ್ಲವೇ, ಭಜ್ಜಿ ಮಾಡಿದಿರಾ? ನಾನು ಇಲ್ಲಿ ಆರಾಮ ಇದ್ದೇನೆ.

ಒಂದು ಮಾತು ನಡೆಸಿಕೊಡು. ಡಿಸೆಂಬರಿನಲ್ಲಿ ನಾನು ಟಪಾಲಿಗೆ ಒಂದು ಪತ್ರ ಹಾಕಿದ್ದೆ. ಇನ್ನೂ ಬಂದಿಲ್ಲವೆಂದು ಕಾಣುತ್ತದೆ. ಬಂದರೆ ಬಿಚ್ಚಬೇಡ, ಒಲೆಗೆ ಹಾಕು. ಅದರಲ್ಲಿ ಏನೂ ಇಲ್ಲ, ಸಿಟ್ಟಿನಲ್ಲಿ ಬರೆದದ್ದು. ಸುವರ್ಣಾ, ಅವ್ವನ ಕೈಗೆ ಅದನ್ನು ಕೊಡಬೇಡ.

ತಾಯಪ್ಪ


ಮಲ್ಕಾಜ್‌ಗಿರಿ
24 ಜನವರಿ 2024

ತಾಯಪ್ಪ,

ನಿನ್ನ ಟಪಾಲು ಹೋದ ವಾರ ಬಂತು. ಸುವರ್ಣಾ ಕೆಲಸ ಹುಡುಕಲು ಹೋಗಿದ್ದಳು, ನನ್ನ ಕೈಗೇ ಸಿಕ್ಕಿತು. ಓದಬೇಡ ಎಂದ ಪತ್ರವನ್ನು ಓದದೆ ಇರುವವಳು ನಾನಲ್ಲ.

ಓದಿದ ಮೇಲೆ ಸಂಜೆಯ ತನಕ ಏಳಲಿಲ್ಲ. ಮೊದಲು ನಿನ್ನ ಮೇಲೆ ಸಿಟ್ಟು ಬಂತು. ನಾನು ಒಪ್ಪುವುದಿಲ್ಲವೆಂದು ನೀನೇ ತೀರ್ಮಾನ ಮಾಡಿದೆ. ಒಂದು ಸಲ ಕೇಳಿದ್ದರೆ ಏನು ಹೋಗುತ್ತಿತ್ತು? ಮಗಳ ಅನ್ನಕ್ಕಾಗಿ ಆ ಚೀಲಗಳ ಮೇಲೆ ಚೀಟಿ ಅಂಟಿಸುತ್ತಿದ್ದೆ, ಅತ್ತಾದರೂ ಅಂಟಿಸುತ್ತಿದ್ದೆ. ಆಮೇಲೆ ನನ್ನ ನೆನಪಾಯಿತು. "ತಾಯಪ್ಪ, ಏನ ನಡಸೀದಿ ಅಲ್ಲಿ?" ಎಂದು ನಾನೂ ಕೇಳಲಿಲ್ಲ. ನಿನಗೆ ನಾಚಿಕೆಯಾದೀತು ಎಂದು ಕೇಳಲಿಲ್ಲ. ಅಷ್ಟು ಜನರ ಕೆಲಸವನ್ನು ನನ್ನ ಸ್ವಂತ ದಾರದಲ್ಲಿ ಹೊಲಿದು ಮುಚ್ಚಿದೆ.

ಒಳಗೆ ಇಟ್ಟುಕೊಳ್ಳಲು ಆಗಲಿಲ್ಲ. ಬಸಲಿಂಗಮ್ಮನ ಮನೆಗೆ ಹೋಗಿ ಎಲ್ಲ ಹೇಳಿದೆ. ಅವಳು ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. "ಗುಂಡಮ್ಮಾ, ನಿಮ್ಮನಿ ಮರ್ಯಾದಿ ಉಳೀತು. ನಮ್ಮ ಮನ್ಯಾಗ ಒಲಿ ಆರಿತು" ಎಂದು ಮೆಲ್ಲಗೆ ಹೇಳಿ ಒಳಗೆ ಹೋದಳು. ಈಗ ನಲ್ಲಿಯ ಹತ್ತಿರ ನಾನು ಹೋದರೆ ಹೆಂಗಸರು ಕೊಡ ಎತ್ತಿಕೊಂಡು ನಡೆಯುತ್ತಾರೆ.

ನೀನು ಸದ್ಯಕ್ಕೆ ಬರೆಯಬೇಡ.

ಗುಂಡಮ್ಮ


ನಾಮ್ ಪೆನ್ ಹತ್ತಿರ
31 ಮಾರ್ಚ್ 2024

ಅಕ್ಕ,

ಬರೆಯಬೇಡ ಎಂದು ನೀನು ಹೇಳಿದ್ದೆ, ನಾನು ಎರಡು ತಿಂಗಳು ಬರೆಯಲಿಲ್ಲ. ಫೋನೂ ಎತ್ತಲಿಲ್ಲ ನೀನು. ಇವತ್ತು ಬರೆಯಲೇಬೇಕು.

ಜನವರಿಯಿಂದ ಇಲ್ಲಿಯ ಚೀಲಗಳು ಹೈದರಾಬಾದಿಗೆ ಬರದೆ ನೇರವಾಗಿ ಹಡಗಿಗೆ ಹೋಗುತ್ತಿವೆ. ನಡುವೆ ನಿನ್ನ ಕೈ ಇಲ್ಲ. ಟಾರ್ಗೆಟ್ ಏರಿಸಿದ್ದಾರೆ. ಚನ್ನಿ ಸಲ್ಯೂಷನ್ ವಾಸನೆಗೆ ಎರಡು ಸಲ ತಲೆಸುತ್ತಿ ಬಿದ್ದಳು, ಎರಡನೆಯ ಸಲ ಬಿದ್ದ ಮೇಲೆ ಅವಳ ಜಾಗಕ್ಕೆ ಬೇರೆಯವಳನ್ನು ಕೂರಿಸಿದರು. ಚೀಲಗಳು ಮೊದಲಿಗಿಂತ ಕೆಟ್ಟಿವೆ. ನಾನು ತಿರುಗಿಸಿ ಕಳಿಸಿದರೆ ಮ್ಯಾನೇಜರ್ ತಾನೇ ಬಂದು ನನ್ನ ಚೀಟಿ ಹಾಕಿ ತಳ್ಳುತ್ತಾನೆ. ಅಂಗಡಿಗಳಿಂದ ಎಲ್ಲ ವಾಪಸು ಬರುತ್ತವೆ, ಆಗ ಇವರಿಗೆ ಬುದ್ಧಿ ಬರುತ್ತದೆ, ಹೈದರಾಬಾದಿನವರನ್ನು ಕರೆಯುತ್ತಾರೆ ಎಂದು ಕಾದೆ.

ಮೊನ್ನೆ ಬೈಯರ್ ಕಡೆಯ ಸಾಹೇಬ ಬಂದಿದ್ದ. ನಾನೇ ಧೈರ್ಯ ಮಾಡಿ ಕೇಳಿದೆ. ಯಾವುದೂ ವಾಪಸು ಬಂದಿಲ್ಲವಂತೆ. ಮಾರಾಟ ಚೆನ್ನಾಗಿದೆ, ಬೆಲೆಯನ್ನೂ ಏರಿಸಿದ್ದಾರಂತೆ. ಒಂದು ಚೀಲವನ್ನು ಅವನ ಮುಂದೆ ಹಿಡಿದು ಎದ್ದ ಅಂಚು ತೋರಿಸಿದೆ. ಅವನು ನೋಡಿದ. ಇದನ್ನು ಯಾರು ನೋಡುತ್ತಾರೆ ಎಂದು ನಕ್ಕ.

ಆದ್ದರಿಂದ ಸಾಲು ಮುಚ್ಚಿದ್ದು ನಿನ್ನಿಂದ ಅಲ್ಲ ಅಕ್ಕ. ನೀನು ಹೊಲಿಯದಿದ್ದರೂ ಮುಚ್ಚುತ್ತಿತ್ತು. ಕೆಂಪು ಚೀಟಿ ಎಲ್ಲ ಬರೀ ತೋರಿಕೆ. ನಿನ್ನ ಮೇಲೆ ಹೊರೆ ಹೊತ್ತುಕೊಂಡು ಕೊರಗಬೇಡ. ಈ ಪತ್ರವನ್ನು ಬಸಲಿಂಗಮ್ಮನಿಗೆ ಓದಿ ಹೇಳು, ಎಲ್ಲರಿಗೂ ಹೇಳು. ಅವರು ನಿನ್ನ ಜೊತೆ ಮಾತಾಡಲಿ.

ತಾಯಪ್ಪ


ಮಲ್ಕಾಜ್‌ಗಿರಿ
12 ಮೇ 2024

ತಮ್ಮ ತಾಯಪ್ಪನಿಗೆ,

ಸಿಟ್ಟು ಇಳಿದಿದೆ. ನೀನೂ ಊಟ ತಿಂಡಿ ಸರಿಯಾಗಿ ಮಾಡು.

ಸುವರ್ಣಾ ಮಣಿಕೊಂಡದಲ್ಲಿ ಒಂದು ಫ್ಲ್ಯಾಟಿನಲ್ಲಿ ಮಗು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದಾಳೆ. ಎರಡು ಬಸ್ಸು ಬದಲಿಸಿ ಹೋಗುತ್ತಾಳೆ. ನಾನು ಬೇಗಂ ಬಜಾರಿನ ಒಬ್ಬ ಸೇಠನಿಗೆ ಶಾಲೆಯ ಬ್ಯಾಗುಗಳ ಪಟ್ಟಿ ಹೊಲಿದುಕೊಡುತ್ತೇನೆ. ಪ್ಲಾಸ್ಟಿಕ್ ಬಟ್ಟೆ, ಸೂಜಿ ಹಾಕಿದರೆ ಕಿರ್ರೆನ್ನುತ್ತದೆ.

ನೀನು ನನ್ನ ಸಮಾಧಾನಕ್ಕೆ ಸುಳ್ಳು ಬರೆದೆ ಎಂದು ಮೊದಲು ತಿಳಿದೆ. ಸುಳ್ಳಾಗಿದ್ದರೆ ಚೆನ್ನಾಗಿತ್ತು. ಸುವರ್ಣಾ ಕೆಲಸಕ್ಕೆ ಹೋಗುವ ಮನೆಯ ಮೇಡಂ ಹತ್ತಿರ ನಮ್ಮ ಚೀಲವೇ ಇದೆಯಂತೆ, ದುಬೈಯಿಂದ ಈ ಮಾರ್ಚಿನಲ್ಲಿ ತಂದದ್ದು. ಇವಳು ಬಾಯಿ ಹಿಡಿಯುವವಳಲ್ಲ. "ಮೇಡಂ, ಹಿಡಿಕೆ ಬುಡದಾಗ ಹೊಲಿಗಿ ಬಿಟ್ಟೈತಿ, ಅಂಚು ಎದ್ದೈತಿ, ಅಂಗಡ್ಯಾಗ ವಾಪಸ್ ಕೊಡ್ರಿ" ಎಂದು ತನಗೆ ಬಂದ ತೆಲುಗಿನಲ್ಲಿ ಹೇಳಿದಳಂತೆ. ಆಕೆಗೆ ಬೇಸರವೇನೂ ಆಗಲಿಲ್ಲ. ಕೈಯಿಂದ ಮಾಡಿದ್ದು ಹಾಗೆಯೇ ಇರುತ್ತದೆ, ನಿನಗೆ ಇದೆಲ್ಲ ಗೊತ್ತಾಗುವುದಿಲ್ಲ ಎಂದು ಹೆಗಲಿಗೆ ಹಾಕಿಕೊಂಡು ಹೊರಟಳಂತೆ.

ನಿನ್ನ ಪತ್ರ ಹಿಡಿದುಕೊಂಡು ಬಸಲಿಂಗಮ್ಮನ ಮನೆಗೆ ಹೋದೆ. ಓದಿ ಹೇಳಬೇಕೆಂದೇ ಹೋದದ್ದು. ಅವಳು ಬಾಗಿಲಲ್ಲಿ ಕೂತು ಕೂಲಿಗೆ ಕಿರಾಣಿ ಅಂಗಡಿಯ ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಎದುರಿಗೆ ಸೊಸೆ. ನನ್ನನ್ನು ಕಂಡು ನನಗೆ ಕೇಳಲೆಂದೇ ದನಿ ಏರಿಸಿದಳು: "ಇಕಿ ಕೈ ಹಾಕದಿದ್ರ ಆ ಚೀಲ ಒಂದಾರ ಪಾಸ್ ಆಕ್ಕಿತ್ತೇನ? ಕಂಪನ್ಯಾವ್ರು ಬಂದು ನಮ್ಮ ಕಾಲ ಹಿಡೀತಿದ್ರು. ನಾವು ಕುಂತು ಹೊಲಿದ ಚೀಲ ಅಂದ್ರ ಏನ ತಿಳದೀ? ಅಂಥಾ ಕೈ ಎಲ್ಲಿ ಸಿಗ್ತಾವ ಅವ್ರಿಗೆ?" ಹೀಗೆ ಹೇಳುವಾಗ ಅವಳು ಬೆಳ್ಳುಳ್ಳಿ ಬಿಟ್ಟು ಬೆನ್ನು ನೆಟ್ಟಗೆ ಮಾಡಿ ಕೂತಳು. ಸೊಸೆ ಅವಳ ಕೈಯನ್ನೇ ನೋಡುತ್ತಿದ್ದಳು.

ನಾನು ಪತ್ರವನ್ನು ಸೆರಗಿನೊಳಗೆ ಇಟ್ಟುಕೊಂಡು ವಾಪಸು ಬಂದೆ.

ನೀನು ಬರೆದದ್ದು ನಿನಗೆ, ನನಗೆ, ಸುವರ್ಣಾಳಿಗೆ ಗೊತ್ತು. ಇನ್ನು ಯಾರಿಗೂ ಹೇಳಬೇಡ. ಊರಿಗೆ ಬಂದಾಗಲೂ ಹೇಳಬೇಡ. ಅವರು ನನ್ನನ್ನೇ ಬೈದುಕೊಂಡು ಇರಲಿ.

ನಿನ್ನ ಅಕ್ಕ
ಗುಂಡಮ್ಮ